ಏಳರಲ್ಲಿ ಒಂದು ಪಾಲು

ಅವರ ಎರಡೂ ಕೈ ಮೊಣಕೈವರೆಗೆ ಗ್ರೀಸು ಮೆತ್ತಿ ಕಪ್ಪಗಿರುತ್ತಿದ್ದವು. ಬಲಗೈಯ ಹೆಬ್ಬೆರಳು ಮಾತ್ರ ಕೆಂಪು. ಸೀಮೆಎಣ್ಣೆ, ಸೋಪಿನಪುಡಿ ಏನು ಹಾಕಿ ತಿಕ್ಕಿದರೂ ಉಗುರಿನ ಸಂದಿಯ ಆ ಕೆಂಪು ಹೋಗುತ್ತಿರಲಿಲ್ಲ. ಮೊದಲ ಸಲ ಕಂಡಾಗ ಪೆಟ್ಟು ಮಾಡಿಕೊಂಡಿದ್ದಾರೆ ಅಂದುಕೊಂಡು ಕೇಳಿಯೇಬಿಟ್ಟೆ. "ಗಾಯ ಅಲ್ಲ ಕಣಮ್ಮ, ಕುಂಕುಮ" ಎಂದು ನಕ್ಕರು.

ಮೈಸೂರಿನ ಲಾರಿಯವರಿಗೆಲ್ಲ ಅವರು ಹೌಸಿಂಗ್ ಮೇಸ್ತ್ರಿ. ಲಾರಿಯ ಹಿಂದಿನ ಆಕ್ಸಲಿನ ನಡುವೆ ಸೋರೆಬುರುಡೆಯ ಹಾಗೆ ಒಂದು ಉಬ್ಬು ಇರುತ್ತದಲ್ಲ, ಅದನ್ನು ಅವರು ಹೌಸಿಂಗ್ ಅನ್ನುತ್ತಾರೆ. ಅದರೊಳಗೆ ಎರಡು ಹಲ್ಲಿನ ಚಕ್ರಗಳಿರುತ್ತವೆ. ಎಂಜಿನ್ ಕಡೆಯಿಂದ ಬರುವ ಚಿಕ್ಕದು ಪಿನಿಯನ್, ಅದು ತಿರುಗಿಸುವ ದೊಡ್ಡದು ಕ್ರೌನ್. ಚಿಕ್ಕದರ ಹಲ್ಲು ದೊಡ್ಡದರ ಹಲ್ಲನ್ನು ಸರಿಯಾಗಿ ನಡುವಿನಲ್ಲೇ ಕಚ್ಚಬೇಕು. ಕಚ್ಚುತ್ತಿದೆಯೋ ಇಲ್ಲವೋ ಎಂದು ನೋಡಲು ಬೇರೆಯವರು ಅಂಗಡಿಯ ಬಣ್ಣ ತರುತ್ತಿದ್ದರು. ಇವರು ಮಾತ್ರ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಹೆಬ್ಬೆರಳಿನಿಂದ ಒಂದೊಂದು ಹಲ್ಲಿಗೂ ಹಚ್ಚುತ್ತಿದ್ದರು. ಆಮೇಲೆ ಚಕ್ರ ತಿರುಗಿಸಿ, ಕುಂಕುಮ ಎಲ್ಲಿ ಅಳಿಸಿದೆ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಕೂದಲೆಳೆಯಷ್ಟು ಆಚೀಚೆ ಇದ್ದರೂ ಎಲ್ಲ ಬಿಚ್ಚಿ, ತೆಳುವಾದ ತಗಡು ಕೊಟ್ಟು, ಮೊದಲಿಂದ ಶುರು. ಲಾರಿಯವರು ಅವಸರ ಮಾಡಿದರೆ, "ನೀವು ಓಗಿ ಬೈಟು ಕಾಫಿ ಕುಡ್ಕೊಂಡು ಬನ್ನಿ, ಅದ್ರಲ್ಲಿ ನಂದೂ ಅರ್ಧ ಇರ್ಲಿ" ಎನ್ನುತ್ತಿದ್ದರು.

ನಮ್ಮನೆಯವರದು ಕೆಟ್ಟು ನಿಂತ ಲಾರಿಗಳನ್ನು ಎಳೆದು ತರುವ ಗಾಡಿ. ಹಳೆಯ ಲಾರಿಯೊಂದರ ಹಿಂಬದಿಗೆ ಕಬ್ಬಿಣದ ತೊಲೆ, ಸರಪಳಿ, ಕೊಕ್ಕೆ ಕೂರಿಸಿ ಮಾಡಿದ್ದು. ಊಟಿ ರಸ್ತೆ, ಮಡಿಕೇರಿ ರಸ್ತೆ, ಚಾಮರಾಜನಗರ ದಾಟಿ ದಿಂಬಂ ಘಾಟಿ, ಎಲ್ಲಿಂದ ಕರೆ ಬಂದರೂ ಹೊರಡುತ್ತಿದ್ದರು. ನಾನು ಸರಸ್ವತಿಪುರಂನ ಒಂದು ಟ್ಯುಟೋರಿಯಲ್ಲಿನಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳುತ್ತಿದ್ದೆ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಸಂಜೆ ಪಾಠ ಮುಗಿಸಿ ಕುವೆಂಪುನಗರದ ಮನೆಗೆ ಬಂದು, ಗೇಟಿನ ಸದ್ದಿಗೆ ಕಾಯುವುದೇ ನನ್ನ ಕೆಲಸವಾಗಿತ್ತು. ಎಳೆದು ತರುವಾಗ ನಿಧಾನ, ಸರಿ. ಖಾಲಿ ಹೋಗುವಾಗಲೂ ಆ ಗಾಡಿ ಎತ್ತಿನಗಾಡಿಯಂತೆ ಹೋಗುತ್ತಿತ್ತು. ನನಗೆ ಅದರ ಮೇಲೆ ಸವತಿಯ ಮೇಲಿನಷ್ಟು ಕೋಪ.

ಮೇಸ್ತ್ರಿಯವರ ಶೆಡ್ಡು ದಟ್ಟಗಳ್ಳಿಯ ಅಂಚಿನಲ್ಲಿತ್ತು. ಆಗಿನ್ನೂ ಅಲ್ಲಿ ಸೈಟುಗಳಿಗೆ ಕಲ್ಲು ನೆಟ್ಟಿದ್ದರೇ ಹೊರತು ಮನೆಗಳು ಎದ್ದಿರಲಿಲ್ಲ. ಯಾವ ಗಾಡಿ ಬಂದರೂ ಅವರು ಮೂರು ಮಾತು ಕೇಳದೆ ನಟ್ಟು ಮುಟ್ಟುತ್ತಿರಲಿಲ್ಲ. ಯಾವ ದಾರಿ, ಎಷ್ಟು ಭಾರ, ಯಾರು ಓಡಿಸ್ತಾರೆ? ಓದು ಬರಹ ಬಾರದು. ಆದರೆ ಹಿಂದಿನ ಚಕ್ರಗಳನ್ನು ಜಾಕಿನ ಮೇಲೆತ್ತಿ, ಚಕ್ರಕ್ಕೊಂದು ಗೆರೆ ಎಳೆದು, ಅದು ಒಂದು ಸುತ್ತು ಬರುವಷ್ಟರಲ್ಲಿ ಎಂಜಿನ್ನಿನಿಂದ ಬರುವ ಉದ್ದನೆಯ ರಾಡು ಎಷ್ಟು ಸುತ್ತುತ್ತದೆಂದು ಎಣಿಸಿ, ಒಳಗೆ ಎಷ್ಟು ಹಲ್ಲಿನ ಸೆಟ್ಟಿದೆಯೆಂದು ಹೌಸಿಂಗ್ ಬಿಚ್ಚದೆಯೇ ಹೇಳುತ್ತಿದ್ದರು. ಆ ಗೆರೆಗೆ ಬೇಕಾದ ಸೀಮೆಸುಣ್ಣ ಟ್ಯುಟೋರಿಯಲ್ಲಿನದು, ನಾನೇ ಕೊಡುತ್ತಿದ್ದದ್ದು. ನನ್ನನ್ನು 'ಲೆಕ್ಕದ ಮೇಷ್ಟ್ರಮ್ಮ' ಎಂದು ಕರೆಯುತ್ತಿದ್ದರು. ಒಂದೇ ಒಂದು ಲಾರಿಯ ನಮ್ಮನೆಯವರನ್ನು 'ಸಾವ್ಕಾರ್ರು' ಎಂದು.

ತೊಂಬತ್ತರ ದಶಕದ ನಡುವೆ ನಮ್ಮ ಗಾಡಿಯ ಹೌಸಿಂಗ್ ಸದ್ದು ಮಾಡತೊಡಗಿತು. ಹಲ್ಲು ಸವೆದಿದೆ, ಹೊಸ ಸೆಟ್ಟು ಹಾಕಬೇಕು ಎಂದರು ಮೇಸ್ತ್ರಿ. ಅಂದು ಭಾನುವಾರ, ನಾನೂ ಜೊತೆಗೆ ಹೋಗಿದ್ದೆ. ಇದ್ದದ್ದು ಆರು-ನಲವತ್ತೊಂದು, ಅಂದರೆ ಪಿನಿಯನ್ನಿಗೆ ಆರು ಹಲ್ಲು, ಕ್ರೌನಿಗೆ ನಲವತ್ತೊಂದು. ಏಳು-ನಲವತ್ತೊಂದು ಅಂತಲೂ ಒಂದು ಸೆಟ್ಟು ಬರುತ್ತದೆ, ಅದು ಓಡುವ ಲಾರಿಗಳಿಗೆ ಎಂದು ಮಾತಿಗೆ ಹೇಳಿದರು.

ನಾನು ಅಲ್ಲೇ ಸೀಮೆಸುಣ್ಣ ತೆಗೆದುಕೊಂಡು ಶೆಡ್ಡಿನ ಕಬ್ಬಿಣದ ಬಾಗಿಲ ಮೇಲೆ ಲೆಕ್ಕ ಬರೆದೆ. ಎಂಜಿನ್ ಅಷ್ಟೇ ತಿರುಗಿದರೂ ಗಾಡಿ ಆರರಲ್ಲಿ ಒಂದು ಪಾಲು ಹೆಚ್ಚು ಓಡುತ್ತದೆ. ಆರು ಗಂಟೆಯ ದಾರಿ ಐದು ಗಂಟೆ ಚಿಲ್ಲರೆಗೆ ಮುಗಿಯುತ್ತದೆ. ನಮ್ಮನೆಯವರು ಅನುಮಾನಿಸುತ್ತಾ ನಿಂತಿದ್ದರು.

"ಲೆಕ್ಕ ಸರಿಯಾಗೇ ಅದೆ ಕಣಮ್ಮ" ಎಂದರು ಮೇಸ್ತ್ರಿ. "ಆದ್ರೆ ಇದ್ರೊಳಗೆ ಏರು ಬಂದಿಲ್ವಲ್ಲ. ಗಾಡಿ ಓಡೋದು ಬೇರೆ, ಎಳೆಯೋದು ಬೇರೆ. ಇದು ಎಳೆಯೋ ಗಾಡಿ. ಬ್ಯಾಡ ಬುಡಿ."

ನಾನು ಬಿಡಲಿಲ್ಲ. ಅದನ್ನೂ ಬರೆದು ತೋರಿಸಿದೆ. "ಎಳೆಯುವ ಶಕ್ತಿ ಏಳರಲ್ಲಿ ಒಂದು ಪಾಲು ಕಡಿಮೆಯಾಗತ್ತೆ ಮೇಸ್ತ್ರಿ. ಅಷ್ಟೇ ತಾನೆ?"

ಅವರು ಬಾಗಿಲನ್ನು ಬಹಳ ಹೊತ್ತು ನೋಡಿದರು. ನಮ್ಮನೆಯವರು ನನ್ನ ಮುಖ ನೋಡಿದರು. ಆ ನಾಲ್ಕು ವರ್ಷ ನಾನು ಗೇಟಿನ ಸದ್ದಿಗೆ ಕಾದದ್ದು ಅವರಿಗೂ ಗೊತ್ತಿತ್ತು. "ಹಾಕಿಬಿಡಿ ಮೇಸ್ತ್ರಿ, ಸಂಜೆಗೆ ಮನೆ ಸೇರ್ಕೊಂಡ್ರೆ ಸಾಕು" ಎಂದರು. ಮೇಸ್ತ್ರಿ ಮತ್ತೊಮ್ಮೆ ಬೇಡವೆಂದರು. ಆಮೇಲೆ ಹಾಕಿದರು. ಹಾಕುವಾಗಲೂ ಕುಂಕುಮ ಹಚ್ಚಿ ಮೂರು ಸಲ ಬಿಚ್ಚಿ ಕೂರಿಸಿದರು. ಬೇಡದ ಕೆಲಸವನ್ನೂ ಅವರು ಕೆಟ್ಟದಾಗಿ ಮಾಡುವವರಲ್ಲ.

ಎರಡು ತಿಂಗಳು ನಮ್ಮನೆಯವರು ಬೇಗ ಬೇಗ ಮನೆಗೆ ಬಂದರು. ದೀಪ ಹಚ್ಚುವ ಹೊತ್ತಿಗೆ ಗೇಟಿನ ಸದ್ದಾಗುತ್ತಿತ್ತು. ನಾನು ನನ್ನ ಲೆಕ್ಕಕ್ಕೆ ನಾನೇ ಶಹಭಾಸ್ ಹೇಳಿಕೊಂಡೆ.

ಮೂರನೆಯ ತಿಂಗಳು ದಿಂಬಂ ಘಾಟಿಯ ನಡುವೆ ಸಿಮೆಂಟು ತುಂಬಿದ ಲಾರಿಯೊಂದು ಕೆಟ್ಟು ನಿಂತಿತ್ತು. ನಮ್ಮನೆಯವರು ಅದಕ್ಕೆ ಕೊಕ್ಕೆ ಹಾಕಿ ಮೇಲಕ್ಕೆ ಎಳೆಯುತ್ತಿದ್ದರು. ಒಂದು ಕಡಿದಾದ ತಿರುವಿನಲ್ಲಿ ನಮ್ಮ ಗಾಡಿ ಮೊದಲ ಗೇರಿನಲ್ಲೂ ಎಳೆಯಲಾರದೆ ನಿಂತುಬಿಟ್ಟಿತು. ಎಂಜಿನ್ ಕೆಟ್ಟ ಲಾರಿಗೆ ಬ್ರೇಕೂ ಇರಲಿಲ್ಲ. ಅದರ ಭಾರ ನಮ್ಮ ಗಾಡಿಯನ್ನೂ ಹಿಂದಕ್ಕೆ ಎಳೆದು ತಿರುವಿನ ಕೆಳಗಿನ ಹಳ್ಳಕ್ಕೆ ಉರುಳಿಸಿತು. ಸಿಮೆಂಟು ಲಾರಿಯ ಡ್ರೈವರು ನೆಗೆದು ಉಳಿದುಕೊಂಡ. ನಮ್ಮನೆಯವರು ಕೊನೆಯವರೆಗೆ ಬ್ರೇಕಿನ ಮೇಲೆ ನಿಂತೇ ಇದ್ದರು ಎಂದು ಆಮೇಲೆ ಬಂದು ಹೇಳಿದವನು ಅವನೇ. "ಇನ್ನೊಂಚೂರು ಎಳೆದಿದ್ರೆ ತಿರುವು ದಾಟಿಬಿಡ್ತಿತ್ತು" ಎಂದೂ ಹೇಳಿದ. ಆ ಇನ್ನೊಂಚೂರು ಎಷ್ಟೆಂದು ನನಗೆ ಗೊತ್ತಿತ್ತು. ಶೆಡ್ಡಿನ ಬಾಗಿಲ ಮೇಲೆ ನಾನೇ ಬರೆದಿದ್ದೆ.

ಕರ್ಮಗಳೆಲ್ಲ ಮುಗಿದ ಮರುದಿನ ನಮ್ಮ ಭಾವ, ಅಂದರೆ ನಮ್ಮನೆಯವರ ಅಣ್ಣ, ಮೇಸ್ತ್ರಿಯ ಶೆಡ್ಡಿಗೆ ಹೊರಟರು. ನಾನೂ ಹೋದೆ. ಯಾಕೆ ಹೋದೆನೋ ಇಂದಿಗೂ ತಿಳಿಯದು. ಶೆಡ್ಡಿನ ಮುಂದೆ ನಾಲ್ಕೈದು ಲಾರಿಯವರು ನಿಂತಿದ್ದರು.

"ಎಳೆಯೋ ಗಾಡಿಗೆ ಓಡೋ ಸೆಟ್ಟು ಹಾಕು ಅಂತ ಯಾವನಯ್ಯಾ ನಿಂಗೆ ಹೇಳಿದ್ದು?" ಎಂದರು ಭಾವ.

ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು ಎದ್ದು ನಿಂತರು. ನಾನು ಭಾವನ ಹಿಂದೆ ಎರಡು ಹೆಜ್ಜೆಯಲ್ಲಿದ್ದೆ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಯಾರೂ ಏಳ್ಲಿಲ್ಲ ಸಾಮಿ. ನಾನೇ ಆಕಿದ್ದು. ನಂದೇ ತಪ್ಪು."

ಭಾವ ಅವರ ಕೆನ್ನೆಗೆ ಹೊಡೆದರು. ಐವತ್ತು ದಾಟಿದ ಮನುಷ್ಯ, ಅಷ್ಟು ಜನರ ಮುಂದೆ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದೆ. ಎಲ್ಲರೂ ನಾನು ಅಳುತ್ತಿದ್ದೇನೆ ಅಂದುಕೊಂಡರು. ಅಳುತ್ತಿರಲಿಲ್ಲ, ಮಾತು ಹೊರಗೆ ಬರದ ಹಾಗೆ ಬಾಯಿ ಮುಚ್ಚಿಕೊಂಡಿದ್ದೆ. ಆ ಬಾಗಿಲ ಮೇಲಿನ ಲೆಕ್ಕವನ್ನು ಮೇಸ್ತ್ರಿ ಆಗಲೇ ಒರೆಸಿ ಹಾಕಿದ್ದರು. ಕೆಂಪು ಬೆರಳಿನ ಗುರುತು ಅಲ್ಲಲ್ಲಿ ಕಾಣುತ್ತಿತ್ತು.

ಅಂದಿನಿಂದ ಅವರಿಗೆ ಹೌಸಿಂಗ್ ಕೆಲಸ ಬರುವುದು ಕಡಿಮೆಯಾಯಿತು. ಲಾರಿಯವರಲ್ಲಿ ಮಾತು ಬೇಗ ಹಬ್ಬುತ್ತದೆ. ಸಾವ್ಕಾರನನ್ನು ಕೊಂದ ಮೇಸ್ತ್ರಿ ಎಂದು ಒಬ್ಬ ಹೇಳಿದರೆ ಹತ್ತು ಜನ ಗಾಡಿ ತಿರುಗಿಸಿಕೊಂಡು ಹೋಗುತ್ತಿದ್ದರು. ಅವರು ಗ್ರೀಸು ಹೊಡೆಯುವುದು, ಸ್ಪ್ರಿಂಗಿನ ಪಟ್ಟಿ ಬದಲಿಸುವುದು, ಹೀಗೆ ಸಿಕ್ಕಿದ್ದು ಮಾಡಿಕೊಂಡರು.

ಗಾಡಿಯನ್ನು ಮಾರುವುದಿಲ್ಲ, ಡ್ರೈವರ್ ಇಟ್ಟು ನಡೆಸುತ್ತೇನೆ ಎಂದು ನಾನು ಹಟ ಹಿಡಿದೆ. ನೆಗ್ಗಿದ ತಗಡು ತಟ್ಟುವ ಕೆಲಸ, ಬೆಸುಗೆಯ ಕೆಲಸ ಎಲ್ಲ ಬೇರೆ ಕಡೆ ಮಾಡಿಸಿ, ಹೌಸಿಂಗಿಗೆ ಮಾತ್ರ ಭಾವನಿಗೆ ತಿಳಿಸದೆ ದಟ್ಟಗಳ್ಳಿಗೆ ಕಳಿಸಿದೆ. ಹಿಂದೆಯೇ ನಾನೂ ಹೋದೆ. ಮೇಸ್ತ್ರಿ ಏನೂ ಕೇಳಲಿಲ್ಲ. ಏಳು ಹಲ್ಲಿನದನ್ನು ಬಿಚ್ಚಿ, ಆರು ಹಲ್ಲಿನದನ್ನು ಕೂರಿಸಿದರು. ಗುರುತು ನೋಡುವ ಹೊತ್ತು ಬಂದಾಗ ಕುಂಕುಮದ ಡಬ್ಬಿಗೆ ಕೈ ಹಾಕಿದವರು, ನನ್ನ ಬರಿಯ ಹಣೆ ಕಂಡು ಅದನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದರು.

"ಹಚ್ಚಿ ಮೇಸ್ತ್ರಿ" ಎಂದೆ.

ಹಚ್ಚಿದರು. ಒಂದು ಹಲ್ಲನ್ನೂ ಬಿಡಲಿಲ್ಲ.

"ನಾನು ಹಾಕಿಸಿದ್ದು ಅಂತ ಭಾವನಿಗೆ ಯಾಕೆ ಹೇಳಲಿಲ್ಲ?"

"ಅವ್ರು ಯಾರ್ಗಾದ್ರೂ ಒಂದೇಟು ಒಡೀಲೇಬೇಕು ಅಂತ ಬಂದಿದ್ರು ಕಣಮ್ಮ. ನಂಗೆ ಒಡೆದ್ರು, ಓದ್ರು. ನಾನು ನನ್ನ ಮನೇಲಿರ್ತೀನಿ. ನೀವು ಅವ್ರ ಮನೇಲೇ ಇರ್ಬೇಕಲ್ಲ." ಕುಂಕುಮದ ಡಬ್ಬಿಯ ಮುಚ್ಚಳ ಹಾಕುತ್ತಾ ಹೇಳಿದರು, "ಸುಳ್ಳೇನೂ ಏಳ್ಲಿಲ್ಲ ನಾನು. ನೀವು ಲೆಕ್ಕ ಬರೆದ್ರಿ, ಅಷ್ಟೇಯ. ನಟ್ಟು ಬಿಗಿದ ಕೈ ನಂದು. ಆಗಾಕಿಲ್ಲ ಅಂತ ಕೂತ್ಬುಡಬೋದಿತ್ತು. ಕೂರ್ಲಿಲ್ಲ."

"ನಾನೇ ಭಾವನಿಗೆ ಹೇಳ್ತೀನಿ. ಲಾರಿಯವರಿಗೂ ಹೇಳ್ತೀನಿ."

"ಧೈರ್ಯ ಬಂದಾಗ ಏಳಿ ತಾಯಿ. ಈಗ ಚಕ್ರ ತಿರುಗ್ಸಿ, ನಿಧಾನಕ್ಕೆ."

ನಾನು ಎರಡೂ ಕೈಯಿಂದ ಚಕ್ರ ತಿರುಗಿಸಿದೆ. ಕುಂಕುಮ ಹಲ್ಲಿನ ನಟ್ಟನಡುವೆ ಅಳಿಸಿತು. ಮೊದಲ ಸಲಕ್ಕೇ ಸರಿಯಾಗಿ ಕೂತಿತ್ತು.

ಆಮೇಲೆ ಆ ಗಾಡಿ ಎಷ್ಟು ಸಲ ದಿಂಬಂ ಹತ್ತಿತೋ. ಸಿಮೆಂಟು, ಕಲ್ಲು, ಕಬ್ಬಿಣ, ಎಂಥ ಭಾರದ ಲಾರಿಯನ್ನು ಹಿಂದೆ ಕಟ್ಟಿದರೂ ಮೊದಲ ಗೇರಿನಲ್ಲಿ ಸರಾಗವಾಗಿ ಬರುತ್ತದೆ ಎಂದು ಡ್ರೈವರು ಹೊಗಳುತ್ತಿದ್ದ. ಅವನು ಹೊಗಳಿದಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಧೈರ್ಯ ಬರಲಿಲ್ಲ. ಮನೆ ಭಾವನ ಹೆಸರಿನಲ್ಲಿತ್ತು, ಹೊರಗೆ ಹಾಕಿದರೆ ಎಲ್ಲಿಗೆ ಹೋಗಲಿ ಎಂದು ಮೊದಮೊದಲು ನೆವ ಹೇಳಿಕೊಂಡೆ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ ಭಾವ ತೀರಿಕೊಂಡರು. ಮನೆ ನನಗೇ ಉಳಿಯಿತು. ಆಗ ಹೆದರಲು ಯಾರೂ ಇರಲಿಲ್ಲ. ಆದರೂ ಹೇಳಲಿಲ್ಲ. ಇಷ್ಟು ವರ್ಷದ ಮೇಲೆ ಯಾರು ಕೇಳುತ್ತಾರೆ ಎಂದುಕೊಂಡೆ. ಮಕ್ಕಳು ಲೆಕ್ಕ ತಪ್ಪಿದರೆ ಬೋರ್ಡಿನ ಮುಂದೆ ನಿಲ್ಲಿಸಿ ಎಲ್ಲರ ಎದುರೇ ತಿದ್ದಿಸುವ ಮೇಷ್ಟ್ರಮ್ಮ ನಾನು.

ವರ್ಷಕ್ಕೆ ಎರಡು ಮೂರು ಸಲ ಮೇಸ್ತ್ರಿಯ ಮನೆಗೆ ಹೋಗುತ್ತಿದ್ದೆ. ದಟ್ಟಗಳ್ಳಿಯಲ್ಲಿ ಮನೆಗಳೆದ್ದು, ಶೆಡ್ಡಿನ ಜಾಗ ಯಾರದೋ ಸೈಟಾಗಿ, ಅವರು ಹಿಂದಿನ ಬೀದಿಯಲ್ಲಿ ಒಂದು ಶೀಟಿನ ಮನೆ ಹಿಡಿದಿದ್ದರು. ನಾನು ಹೋದಾಗ ಅವರ ಹೆಂಡತಿ ಕಾಫಿ ತಂದುಕೊಟ್ಟು ಬಾಗಿಲ ಪಕ್ಕ ತಲೆ ತಗ್ಗಿಸಿ ನಿಲ್ಲುತ್ತಿದ್ದರು. "ಕೂತ್ಕೊಳ್ಳಿ ಅಕ್ಕ" ಎಂದರೆ, "ಇರ್ಲಿ ಬುಡಿ ಅಮ್ಮ" ಅನ್ನುತ್ತಿದ್ದರು. ಹತ್ತಾರು ವರ್ಷ ಒಮ್ಮೆಯೂ ನನ್ನೆದುರು ಕೂರಲಿಲ್ಲ. ಅದನ್ನು ಮರ್ಯಾದೆ ಎಂದುಕೊಂಡಿದ್ದೆ.

ಮೇಸ್ತ್ರಿ ಹೋದ ಸುದ್ದಿ ಒಂದು ಮಧ್ಯಾಹ್ನ ಟ್ಯುಟೋರಿಯಲ್ಲಿಗೆ ಬಂತು. ಆಟೋ ಹಿಡಿದು ಹೋದೆ. ಮನೆಯ ಮುಂದೆ ಮಲಗಿಸಿದ್ದರು. ಕೆಲಸ ಬಿಟ್ಟು ವರ್ಷಗಳೇ ಆಗಿದ್ದವು, ಕೈ ಬೆಳ್ಳಗಿತ್ತು. ಬಲಗೈ ಹೆಬ್ಬೆರಳನ್ನು ಹುಡುಕಿ ನೋಡಿದೆ. ಉಗುರಿನ ಸಂದಿಯಲ್ಲೂ ಕೆಂಪಿರಲಿಲ್ಲ. ಬಂದವರು ಹತ್ತು ಜನವೂ ಇರಲಿಲ್ಲ. ಲಾರಿಯವರು ಒಬ್ಬರೂ ಇರಲಿಲ್ಲ.

ಅವರ ಹೆಂಡತಿ ನನ್ನನ್ನು ಕಂಡದ್ದೇ ಹೆಣದ ಪಕ್ಕದಿಂದ ಎದ್ದು ನಿಂತರು. ಆ ದುಃಖದಲ್ಲೂ ಎದ್ದು ನಿಂತರು. ನನ್ನ ಎರಡೂ ಕೈ ಹಿಡಿದುಕೊಂಡು, "ಇವ್ರ ತಪ್ಪನ್ನ ಒಟ್ಟೆಗಾಕ್ಕೊಂಬುಡಿ ಅಮ್ಮ. ನಿಮ್ಮ ಯಜಮಾನ್ರನ್ನ ಕಳೆದ ಪಾಪ ಇವ್ರ ಜೊತೇಲೆ ಓಗ್ಲಿ" ಎಂದರು.

ಮೇಸ್ತ್ರಿ ಹೆಂಡತಿಗೂ ಹೇಳಿರಲಿಲ್ಲ.

ಅಲ್ಲೇ ಹೇಳಿದೆ. ಸೀಮೆಸುಣ್ಣ, ಬಾಗಿಲು, ಏಳರಲ್ಲಿ ಒಂದು ಪಾಲು, ಅವರು ಎರಡು ಸಲ ಬೇಡವೆಂದದ್ದು, ನಾನು ಅಷ್ಟೇ ತಾನೆ ಎಂದದ್ದು, ಒಂದನ್ನೂ ಬಿಡದೆ, ನಿಂತಿದ್ದವರೆಲ್ಲರಿಗೂ ಕೇಳುವ ಹಾಗೆ ಹೇಳಿದೆ. ಹೇಳಿ ಮುಗಿಸಲು ಐದು ನಿಮಿಷವೂ ಬೇಕಾಗಲಿಲ್ಲ.

ಆಕೆ ನನ್ನ ಕೈ ಬಿಟ್ಟರು.

"ಈಗ ಏಳ್ತಿದ್ದೀರಾ ಅಮ್ಮ?" ಎಂದರು. ದನಿ ಏರಿಸಲಿಲ್ಲ. "ನೆನ್ನೆ ಸಾಯಂಕಾಲದಗಂಟ ಇವ್ರಿಗೆ ಕಿವಿ ಕೇಳ್ತಿತ್ತು."

ಗಂಡನ ತಲೆಯ ಹತ್ತಿರ ಹೋಗಿ, ನನಗೆ ಎದುರಾಗಿ, ಕಾಲು ಮಡಚಿ ಕೂತುಕೊಂಡರು. ನನಗೆ ಕೂತುಕೊಳ್ಳಿ ಎನ್ನಲಿಲ್ಲ. ಮೇಸ್ತ್ರಿಯನ್ನು ಎತ್ತುವವರೆಗೂ ನಾನು ಬಾಗಿಲ ಪಕ್ಕದಲ್ಲಿ ನಿಂತೇ ಇದ್ದೆ.