ಗುಡ್ಡದೂರಿನ ಕಲ್ಲು, ಅಕ್ಕನ ಮಂಡಿ

ಫ್ರಾನ್ಸ್ ದೇಶದ ಆ ಗುಡ್ಡದೂರಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನ್ಯೂಜೆರ್ಸಿಯ ನಮ್ಮ ಜನ ಮುಂದಿನ ಬೇಸಿಗೆಗೆ ಕುಂಕುಮ, ಊದುಬತ್ತಿ ಕಟ್ಟಿಕೊಂಡು ಅಲ್ಲಿಗೆ ಹೊರಟಾರು ಎಂಬ ಭಯ. ಐಸೆಲಿನ್ನಿನ ದಿನಸಿ ಅಂಗಡಿಯಲ್ಲಿ ಕರಿಬೇವು ಆರಿಸುತ್ತಿದ್ದ ನನ್ನನ್ನು ನಿಲ್ಲಿಸಿ ದಾರಿ ಕೇಳಿದವರು ಈಗಾಗಲೇ ಇದ್ದಾರೆ.

ಹೋದವರು ಮೂವರು: ಅಕ್ಕ, ಭಾವ, ನಾನು. ಅವರಿಬ್ಬರದು ಮಾರಿಸ್‌ಟೌನ್, ನಾನಿರುವುದು ಪ್ಲೇನ್ಸ್‌ಬರೋದ ಒಂದು ಅಪಾರ್ಟ್‌ಮೆಂಟಿನಲ್ಲಿ. ಭಾವ ನಿವೃತ್ತ ಇಂಜಿನಿಯರು. ನಾನು ಎಂಟನೆಯ ತರಗತಿಗೆ ಶಾಲೆ ಬಿಟ್ಟವಳು. ಮುಂದಿನ ಓದೆಲ್ಲ ಗ್ರಂಥಾಲಯಗಳಲ್ಲಿ, ಯಾರ ಅಪ್ಪಣೆಯನ್ನೂ ಕೇಳದೆ ನಡೆಯಿತು. ಹಳೆಯ ಶಾಸನಗಳನ್ನು ಅಷ್ಟಿಷ್ಟು ಓದಬಲ್ಲೆನೆಂದು ಇಲ್ಲಿನ ಕನ್ನಡಿಗರಲ್ಲಿ ನನಗೊಂದು ಸಣ್ಣ ಹೆಸರಿದೆ. ಆ ಹೆಸರೇ ಮುಂದೆ ನನ್ನ ಕೊರಳಿಗೆ ಬಿತ್ತು.

ಅಕ್ಕನ ಬಲ ಮಂಡಿ ಸವೆದು ಹೋಗಿತ್ತು. ಶಸ್ತ್ರಚಿಕಿತ್ಸೆಯನ್ನು ಅವಳು ಅದಾಗಲೇ ಎರಡು ಸಲ ಮುಂದೂಡಿದ್ದಳು. ಇನ್ನೂ ತಡೆದರೆ ಎಡ ಮಂಡಿಯೂ ಅದೇ ದಾರಿ ಹಿಡಿಯುತ್ತದೆ, ಆಮೇಲೆ ಗಾಲಿಕುರ್ಚಿಯೇ ಗತಿ ಎಂದು ವೈದ್ಯೆ ನನ್ನೆದುರಿಗೇ ಹೇಳಿದ್ದರು. ಮೂರನೆಯ ಸಲ ದಿನ ಗೊತ್ತಾಯಿತು. ಅದಕ್ಕೆ ಮೊದಲು ಮನಸ್ಸು ಹಗುರವಾಗಲಿ ಎಂದು ಭಾವ ಈ ಪ್ರವಾಸ ಹೂಡಿದರು. ಅವರ ಹಳೆಯ ಸಹೋದ್ಯೋಗಿಯೊಬ್ಬರ ಮನೆ ಆ ಊರಿನಲ್ಲಿ ಒಂದು ವಾರ ಖಾಲಿಯಿತ್ತು.

ಊರು ದೂರದಿಂದ ಚೆಂದ. ಗುಡ್ಡದ ನೆತ್ತಿಯಲ್ಲಿ ಮುರಿದ ಕೋಟೆ, ಅದರ ಕೆಳಗೆ ಇಗರ್ಜಿ, ಒಂದರ ಹೆಗಲಿಗೊಂದು ಒರಗಿದ ಕಲ್ಲಿನ ಮನೆಗಳು. ಹತ್ತಿರ ಹೋದರೆ ಅರ್ಧ ಮನೆಗಳ ಕಿಟಕಿಗಳು ಮುಚ್ಚಿದ್ದವು. ಒಡೆಯರು ವರ್ಷಕ್ಕೊಂದು ತಿಂಗಳು ಬಂದುಹೋಗುವ ಪಟ್ಟಣದವರಂತೆ. ತೆರೆದಿದ್ದ ಬಾಗಿಲುಗಳಲ್ಲೆಲ್ಲ ಪ್ರವಾಸಿಗರಿಗೆ ಮಾರುವ ಸುವಾಸನೆಯ ಸಾಬೂನು. ಊರೆಲ್ಲ ಸುತ್ತಿದರೂ ಸೌತೆಕಾಯಿ ಮಾರುವವರೊಬ್ಬರು ಸಿಗಲಿಲ್ಲ. ಬದುಕು ಹೋದ ಮೇಲೆ ಹೆಣಕ್ಕೆ ಅತ್ತರು ಬಳಿದಂತಿತ್ತು.

ಕೋಟೆ ತೋರಿಸಿದಾಕೆ ಹಳೆಯ ಕಾಲದ ಉದ್ದನೆಯ ನಿಲುವಂಗಿ ತೊಟ್ಟಿದ್ದಳು. ಅದರ ಅಂಚಿನಿಂದ ಓಟದ ಬೂಟುಗಳು ಇಣುಕುತ್ತಿದ್ದವು. ಶತ್ರುಗಳು ಮುತ್ತಿಗೆ ಹಾಕಿದಾಗ ಒಡೆಯನ ಹೆಂಡತಿ ಉಳಿದ ಕೊನೆಯ ರೊಟ್ಟಿಗಳನ್ನು ಗೋಡೆಯಿಂದಾಚೆ ಎಸೆದಳಂತೆ. ಒಳಗೆ ದವಸ ತುಂಬಿ ತುಳುಕುತ್ತಿದೆ ಎಂದು ನಂಬಿ ಶತ್ರುಗಳು ಹಿಂದಿರುಗಿದರಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಇಂಥ ಕಥೆ ಇಲ್ಲದ ಕೋಟೆಯನ್ನು ನಾನು ಇದುವರೆಗೆ ಕಂಡಿಲ್ಲ. ರೊಟ್ಟಿಯ ವಿಷಯ ಇರಲಿ, ಈ ಬೋಳು ಬಂಡೆಯ ಮೇಲೆ ಅವರು ಕುಡಿದದ್ದೇನು, ಬಾವಿ ಎಲ್ಲಿದೆ ಎಂದು ಕೇಳಿದೆ. ಆಕೆ ನಕ್ಕು, ಇದು ಜನ ಹೇಳುವ ಕಥೆ, ಸಂತೋಷವಾಗಿ ಕೇಳಿ ಎಂದಳು. ಕೋಟೆಯ ಹೊರಗೆ ಅದೇ ರೊಟ್ಟಿಯ ಆಕಾರದ ಕೀಲಿಗೊಂಚಲುಗಳು ಮಾರಾಟಕ್ಕಿದ್ದವು.

"ಏನಮ್ಮಾ, ಎಲ್ಲಿ ಹೋದ್ರೂ ನಿಂದೊಂದು ಕ್ವೆಶ್ಚನ್ ಇರಲೇಬೇಕಾ?" ಎಂದರು ಭಾವ. ತಾವು ಮಾತ್ರ ಆ ಕೀಲಿಗೊಂಚಲು ಎರಡು ಕೊಂಡರು.

ಮರುದಿನ ಊರಿನ ಸುತ್ತಲ ಕಾಲುದಾರಿ ಹಿಡಿದೆವು. ದಾರಿ ತಪ್ಪದಿರಲೆಂದು ಬಂಡೆಗಳಿಗೂ ಮರಗಳಿಗೂ ಹಳದಿ ಪಟ್ಟೆ ಬಳಿದಿದ್ದರು. ಊಟದ ನಂತರ ಅಕ್ಕನಿಗೆ ನೋವಿನ ಮಾತ್ರೆ ಕೊಟ್ಟವಳು ನಾನೇ. ಹಿಂದೆ ಹೊಲಗಳಾಗಿದ್ದ ಮೆಟ್ಟಿಲು ಮೆಟ್ಟಿಲಾದ ಪಾತಿಗಳಲ್ಲಿ ಈಗ ಮುಳ್ಳುಪೊದೆ. ದಾರಿ ತಿರುಗುವಲ್ಲಿ, ಗುಡ್ಡದ ಗಾಳಿ ನೇರವಾಗಿ ಬೀಸುವ ಒಂದು ಅಂಚಿನಲ್ಲಿ, ಚಪ್ಪಡಿ ಹಾಸಿದ ದುಂಡನೆಯ ಅಂಗಳವಿತ್ತು. ಅದರ ಪಕ್ಕದಲ್ಲಿ ಒಂದು ಉರುಟು ಕಲ್ಲನ್ನು ನೆಟ್ಟಗೆ ನಿಲ್ಲಿಸಿ ಅರ್ಧ ಹೂತಿದ್ದರು. ಮೇಲಕ್ಕೆ ಹೋಗುತ್ತ ಸ್ವಲ್ಪ ಸಣ್ಣಗಾದ, ನುಣ್ಣನೆಯ ಕರಿಗಲ್ಲು. ನೆತ್ತಿಯಲ್ಲೊಂದು ಕುಳಿ.

ಭಾವ ಚಪ್ಪಲಿ ಬಿಟ್ಟರು. "ನೋಡು, ನೋಡು. ಲಿಂಗ ಕಣೇ ಇದು."

ಅಕ್ಕ ಬಾಟಲಿಯ ನೀರನ್ನು ಕಲ್ಲಿನ ಮೇಲೆ ಸುರಿದು, ಅದರ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು. ಕುಳಿಯಲ್ಲಿ ಎಂದೋ ಬಿದ್ದ ಮಳೆಯ ನೀರು ಹಸಿರುಗಟ್ಟಿತ್ತು. ಸೊಳ್ಳೆಯ ಮರಿಗಳು ಬಾಲ ಆಡಿಸುತ್ತಿದ್ದವು. ಯಾರೋ ಅಗಿದು ಅಂಟಿಸಿದ ಚ್ಯೂಯಿಂಗ್ ಗಮ್ ಕುಳಿಯ ಅಂಚಿನಲ್ಲಿ ಹಲ್ಲಿನ ಗುರುತಿನೊಂದಿಗೆ ಕುಳಿತಿತ್ತು. ಭಾವ ಆ ಕುಳಿಯ ನೀರಿನಲ್ಲಿ ಬೆರಳದ್ದಿ ಅಕ್ಕನ ತಲೆಗೆ ಪ್ರೋಕ್ಷಿಸಿ, ಉಳಿದ ಹನಿಯನ್ನು ತಾವೇ ತೀರ್ಥವೆಂದು ಬಾಯಿಗೆ ಹಾಕಿಕೊಂಡರು. ನಾನು ಹೇಸಿ ಮುಖ ತಿರುಗಿಸಿದೆ.

"ಭಾವ, ಅದು ರೋಣಗಲ್ಲು," ಎಂದೆ. ಸುಗ್ಗಿಯಲ್ಲಿ ಎತ್ತು ಕಟ್ಟಿ, ಕಣದಲ್ಲಿ ಹರಡಿದ ತೆನೆಯ ಮೇಲೆ ಸುತ್ತು ಹೊಡೆಸುವ ಉರುಳುಗಲ್ಲು. ಕುಳಿ ಇರುವುದು ಅಚ್ಚು ಕೂರಿಸಲು. ಒಂದು ತುದಿ ಸಣ್ಣಗಿರುವುದು ಕಲ್ಲು ತಾನಾಗಿ ದುಂಡಗೆ ತಿರುಗಲೆಂದು. ಎದುರಿಗಿದ್ದ ಚಪ್ಪಡಿಯಂಗಳವೇ ಕಣ. ತೂರುವುದಕ್ಕೆ ಗಾಳಿ ಬೇಕಾದ್ದರಿಂದ ಅದನ್ನು ಆ ಅಂಚಿನಲ್ಲಿ ಮಾಡಿದ್ದಾರೆ. ಇಷ್ಟನ್ನೂ ಹೇಳಿದೆ.

"ಫ್ರಾನ್ಸಲ್ಲಿ ಯಾವ ರಾಗಿ ಬೆಳೀತಾರಮ್ಮ?"

"ಗೋಧಿ ಬೆಳೀತಾರೆ, ಭಾವ."

"ನಿನ್ನೆ ಕೋಟೆ ಸುಳ್ಳು. ಇವತ್ತು ದೇವರು ಸುಳ್ಳು. ನಾಳೆ ನಿಮ್ಮ ಅಕ್ಕನ್ನ ಮದುವೆ ಆಗಿದ್ದೂ ಸುಳ್ಳು ಅಂತೀಯ."

ಅಕ್ಕ ಕಲ್ಲಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಕಣ್ಣನ್ನೂ ತೆರೆಯಲಿಲ್ಲ. ಆದರೆ ಊರಿಗೆ ಹತ್ತಿ ಬರುವಾಗ ಒಂದು ಸಲವೂ ನರಳಲಿಲ್ಲ.

ನಾವು ಹಿಂದಿರುಗುವ ಮೊದಲೇ ಚಿತ್ರ ನ್ಯೂಜೆರ್ಸಿ ತಲುಪಿತ್ತು. ಭಾವ ವಾಟ್ಸಾಪ್‌ನಲ್ಲಿ ಬರೆದದ್ದು 'ಪುರಾತನ ಲಿಂಗ' ಎಂದಷ್ಟೇ. ಅದು ಸುತ್ತಿ ಬಳಸಿ ನನ್ನ ಫೋನಿಗೇ ಮರಳಿದಾಗ ಸಾವಿರ ವರ್ಷ ಹಳೆಯದಾಗಿತ್ತು. ಮರುವಾರ ಎರಡು ಸಾವಿರ. ಯಾರೋ ಪುಣ್ಯಾತ್ಮರು ಕಲ್ಲಿನ ಹಿಂದೆ ಪ್ರಭಾವಳಿ ಅಂಟಿಸಿದ್ದರು. ಕಣದಲ್ಲಿ ಬೆವರು ಸುರಿಸಿದ ಜನರ ಗುರುತೇ ಅಳಿಸಿಹೋಗಿತ್ತು. ಅಲ್ಲಿಯವರು ರೊಟ್ಟಿ ಎಸೆದವಳ ಕಥೆ ಕಟ್ಟಿ ರೊಟ್ಟಿ ಬೆಳೆದವರನ್ನು ಮರೆತರು. ನಮ್ಮವರು ದೇವರನ್ನು ಕರೆತಂದು ಅದೇ ಕೆಲಸ ಮಾಡಿದರು.

ಇಷ್ಟೇ ಆಗಿದ್ದರೆ ಉಗಿದು ಸುಮ್ಮನಾಗುತ್ತಿದ್ದೆ. ಆದರೆ ಅಕ್ಕ ಫೋನ್ ಮಾಡಿ, "ಆಪರೇಷನ್ ಈಗ ಬೇಡ ಅಂದುಕೊಂಡಿದ್ದೀನಿ ಕಣೇ. ಆ ಕಲ್ಲು ಮುಟ್ಟಿದ ಮೇಲೆ ಅಷ್ಟು ದೂರ ಹತ್ತಿದೆನಲ್ಲ, ನೋವೇ ಬರಲಿಲ್ಲ," ಎಂದಳು. ಮಾತ್ರೆಯ ಮಾತು ತೆಗೆದೆ. ಅವಳು ಕುಕ್ಕರ್ ಕೂಗ್ತಿದೆ ಎಂದು ಫೋನಿಟ್ಟಳು.

ಆ ಹೊತ್ತಿಗೆ ಪ್ಲೇನ್ಸ್‌ಬರೋದ ನಮ್ಮ ಹಿರಿಯರ ಕೂಟದಲ್ಲಿ ಆ ಕಲ್ಲಿನ ಬಗ್ಗೆ ಭಾವನ ಉಪನ್ಯಾಸ ನಿಗದಿಯಾಗಿತ್ತು. ಭಾನುವಾರ ಮಧ್ಯಾಹ್ನ, ಅಲ್ಯೂಮಿನಿಯಂ ತಟ್ಟೆಗಳಲ್ಲಿ ಉಪ್ಪಿಟ್ಟು, ಕೇಸರಿಬಾತು. ಅಕ್ಕ ಮೊದಲ ಸಾಲಿನಲ್ಲಿ ಕೋಲನ್ನು ಕುರ್ಚಿಯ ಹಿಂದೆ ಬಚ್ಚಿಟ್ಟುಕೊಂಡು ಕೂತಿದ್ದಳು. ಪರದೆಯ ಮೇಲೆ ಆ ಕಲ್ಲು ಆಳೆತ್ತರಕ್ಕೆ ಬೆಳೆದು ನಿಂತಿತು. ಕೆಲವರು ಕೈಮುಗಿದರು. ಭಾವ ಕೊನೆಗೆ, "ನಮ್ಮ ನಾದಿನಿ ಶಾಸನ ಓದೋರು. ಅವರೂ ಜೊತೇಲಿದ್ರು. ಎರಡು ಮಾತು ಹೇಳ್ತಾರೆ," ಎಂದು ನನ್ನ ಕೈಗೆ ಮೈಕು ಕೊಟ್ಟರು. ಎಲ್ಲರೆದುರು ನಾನು ಅವರಿಗೆ ಎದುರಾಡಲಾರೆ ಎಂಬ ಲೆಕ್ಕ.

"ಇದು ರೋಣಗಲ್ಲು," ಎಂದೆ. ಗುಡ್ಡದ ಮೇಲೆ ಹೇಳಿದ್ದನ್ನೆಲ್ಲ ಮತ್ತೆ ಹೇಳಿದೆ.

ಹಿಂದಿನ ಸಾಲಿನಿಂದ, ತಂದೆತಾಯಿಯನ್ನು ಕರೆತಂದಿದ್ದ ಯುವಕನೊಬ್ಬ ಎದ್ದ. "ಆಂಟಿ, ಆ ಕಾಲದಲ್ಲಿ ನಮ್ಮೋರು ಅಲ್ಲಿಗೆ ಹೋಗಿರಬಹುದಲ್ವಾ? ಇಲ್ಲ ಅನ್ನೋಕೆ ಪ್ರೂಫ್ ಏನಿದೆ?"

"ಹೋಗಿರಬಹುದಪ್ಪ. ಹೋದವರು ಹೊಟ್ಟೆಗೇನು ತಿಂದ್ರು? ಅವರಿಗೂ ಕಣ ಬೇಕಾಗಿತ್ತಲ್ಲ."

ಕೆಲವರು ನಕ್ಕರು. ಅಷ್ಟಕ್ಕೇ ಮೈಕು ಕೆಳಗಿಡಬಹುದಿತ್ತು. ಆದರೆ ನನಗೆ ಬೇಕಾಗಿದ್ದುದು ಆ ಸಭೆಯ ಒಪ್ಪಿಗೆಯಲ್ಲ. ಮೊದಲ ಸಾಲಿನ ಕಡೆ ತಿರುಗಿದೆ. "ಊರಲ್ಲಿ ನಮ್ಮ ಕಣದಲ್ಲೂ ಇಂಥದ್ದೇ ಇತ್ತು. ಸುಗ್ಗಿ ಮುಗಿದ ಮೇಲೆ ನಾನೂ ಅಕ್ಕನೂ ಅದರ ಮೇಲೆ ಕೂತು ಕಡಲೆಕಾಯಿ ಬಿಡಿಸ್ತಿದ್ವಿ. ಬೇಕಾದರೆ ಅವಳನ್ನೇ ಕೇಳಿ."

ಅಕ್ಕ ಕುರ್ಚಿಯ ಹಿಂದೆ ತಡಕಿ ಕೋಲು ತೆಗೆದುಕೊಂಡಳು. ಎದ್ದು, ಯಾರ ಮುಖವನ್ನೂ ನೋಡದೆ, ಕುಂಟುತ್ತ ಹೊರಗೆ ನಡೆದಳು. ಕಾರ್ಯದರ್ಶಿ ಅವಸರದಿಂದ ಕಾಫಿ ಸಿದ್ಧವಿದೆ ಎಂದು ಘೋಷಿಸಿದರು.

ನಾನು ಹೋದಾಗ ಅವಳು ಪಾರ್ಕಿಂಗ್ ಲಾಟಿನಲ್ಲಿ, ಬೀಗ ಹಾಕಿದ ತಮ್ಮ ಕಾರಿಗೆ ಒರಗಿ ನಿಂತಿದ್ದಳು.

"ಮಾನ ಕಳೆದುಬಿಟ್ಟೆ," ಎಂದಳು.

"ಭಾವಂದೋ, ನಿಂದೋ?"

"ಅವರದು ಬಿಡು, ನಾಳೆಗೆ ಮರೀತಾರೆ." ಸ್ವಲ್ಪ ಹೊತ್ತು ಕೋಲಿನ ತುದಿಯಿಂದ ಡಾಂಬರನ್ನು ಕೆದಕಿದಳು. "ಮುಟ್ಟಿದ ತಕ್ಷಣ ನಂಗೂ ಗೊತ್ತಾಯ್ತು ಕಣೇ. ರೋಣಗಲ್ಲಿನ ತಣುಪು ನಂಗೆ ಮರೆತುಹೋಗತ್ತಾ?"

"ಮತ್ತೆ?"

"ಮತ್ತೇನು. ಅರಿವಳಿಕೆ ಕೊಟ್ಟ ಮೇಲೆ ಏಳದೇ ಹೋದ್ರೆ ಅಂತ ದಿಗಿಲು. ದಿಗಿಲು ಅಂದ್ರೆ ಅವರು ನಗ್ತಾರೆ, ನೀನು ಪುಸ್ತಕ ತಂದುಕೊಡ್ತೀಯ. ದೇವರು ಅಂದ್ರೆ ಯಾರೂ ಮಾತಾಡಲ್ಲ."

ಪುಸ್ತಕದ ಮಾತು ಚುಚ್ಚಿತು. ಮಂಡಿಯ ಕೀಲಿನ ಬಗ್ಗೆ ಒಂದು ಪುಸ್ತಕ ಆಗಲೇ ನನ್ನ ಕೈಚೀಲದಲ್ಲಿತ್ತು. ಅದನ್ನು ಹೊರಗೆ ತೆಗೆಯಲಿಲ್ಲ. ಕಾರಿಗೆ ನಾನೂ ಒರಗಿ ನಿಂತೆ. ಒಳಗಿನಿಂದ ಭಾವನ ದನಿ ಕೇಳುತ್ತಿತ್ತು. ಮೈಕು ಮರಳಿ ಅವರ ಕೈ ಸೇರಿತ್ತು. ರೋಣಗಲ್ಲೂ ಒಂದರ್ಥದಲ್ಲಿ ಲಿಂಗವೇ ಎಂದು ವಿವರಿಸುತ್ತಿದ್ದರು. ಚಪ್ಪಾಳೆ ಬಿತ್ತು.

"ಕೇಳಿದೆಯಾ," ಎಂದಳು ಅಕ್ಕ. ಅವಳ ಮುಖದಲ್ಲಿ ಮೊದಲ ಸಲ ನನ್ನೊಳಗಿದ್ದಂಥದೇ ಹೇಸಿಗೆ ಕಂಡಿತು. "ತಾರೀಖು ಇನ್ನೂ ಕ್ಯಾನ್ಸಲ್ ಮಾಡಿಲ್ಲ. ಆಸ್ಪತ್ರೆಗೆ ನೀನೇ ಬಾ. ಅವರು ಬಂದರೆ ನರ್ಸ್‌ಗಳಿಗೆಲ್ಲ ಫೋಟೋ ತೋರಿಸ್ತಾ ಕೂರ್ತಾರೆ."

ಭಾವನೂ ಬಂದರು. ತೋರಿಸಿದರು. ಹಾಸಿಗೆಯನ್ನು ತಳ್ಳಿಕೊಂಡು ಒಳಗೆ ಒಯ್ಯುವಾಗ ಅಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಬಾಗಿಲ ಬಳಿ ಬಿಡಿಸಿಕೊಂಡಾಗ ನನ್ನ ಬೆರಳುಗಳು ಬಿಳಿಚಿದ್ದವು. ಎಚ್ಚರಾದ ಮೇಲೆ ಅವಳು ಮೊದಲು ಕೇಳಿದ್ದು ಕುಡಿಯಲು ನೀರು.