ಬೀಗರ ಗಾಡಿಯ ಧೂಳು

ಆ ಟ್ಯಾಂಕನ್ನು ತೊಳೆದವನು ನಾನು. ನನ್ನ ಸೊಸೆ ರಮ್ಯಾ ತಿಂಗಳುಗಟ್ಟಲೆ ಕೂತು ಮಾಡಿದ್ದ ಯುದ್ಧದ ಟ್ಯಾಂಕಿನ ಪುಟ್ಟ ಮಾದರಿ ಅದು, ಅಂಗೈಗಿಂತ ಸ್ವಲ್ಪ ದೊಡ್ಡದು. ಅದನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದ್ದಿ, ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಉಜ್ಜಿ, ಅವಳು ಕೂರಿಸಿದ್ದ ಧೂಳನ್ನೂ ತುಕ್ಕನ್ನೂ ತೆಗೆದುಹಾಕಿದೆ. ತೊಳೆದದ್ದು ತಪ್ಪು. ಆದರೆ ನಾನು ಒಪ್ಪಿಕೊಳ್ಳಬೇಕಾದದ್ದು ಅದೊಂದೇ ಅಲ್ಲ — ಅದು ಚಿಕ್ಕದು. ಆ ಸಂಜೆ ಅವಳು ಬಂದು ಕೇಳಿದಾಗ, ತೊಳೆದೆ ಎನ್ನುವ ಬದಲು ನಿನ್ನ ಕೆಲಸವೇ ಸರಿ ಇಲ್ಲ ಎಂದುಬಿಟ್ಟೆ. ಅವಳು ನಂಬಿದಳು. ನಂಬಿ, ಕುಂಚ ಕೆಳಗಿಟ್ಟಳು.

ಯಾಕೆ ನಂಬಿದಳೆಂದರೆ ನಾನು ಬಣ್ಣದವನು. ಹೊಸೂರಿನ ಒಂದು ಲಾರಿ ಕಾರ್ಖಾನೆಯ ಪೇಂಟ್ ಶಾಪಿಗೆ ಹುಡುಗನಾಗಿ ಸೇರಿ, ಅಲ್ಲೇ ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದವನು. ಬಣ್ಣ ಹೊಡೆದ ಕ್ಯಾಬಿನ್ ಮುಂದೆ ಬಂದು ನಿಂತರೆ ಟ್ಯೂಬ್‌ಲೈಟಿನ ಬೆಳಕಿಗೆ ಓರೆಯಾಗಿ ನೋಡುವುದು, ಸಾಸಿವೆಯಷ್ಟು ಧೂಳು ಬಣ್ಣದೊಳಗೆ ಸಿಕ್ಕಿಕೊಂಡಿದ್ದರೂ ಗುರುತು ಹಾಕಿ ವಾಪಸ್ ಕಳಿಸುವುದು — ಅದೇ ನನ್ನ ಅನ್ನ. ಆ ಕಣ್ಣನ್ನು ಗೇಟಿನಲ್ಲಿ ಕಳಚಿಟ್ಟು ಬರಲಾಗುತ್ತದೆಯೇ? ಅವಲಪಲ್ಲಿಯ ನಮ್ಮ ಮನೆಯಲ್ಲೂ ಕಿಟಕಿ ಸರಳುಗಳ ಮೇಲೆ ಬೆರಳಾಡಿಸುತ್ತೇನೆ, ಬಂದವರ ಸ್ಕೂಟರಿನ ಮಡ್‌ಗಾರ್ಡ್ ಬಗ್ಗಿ ನೋಡುತ್ತೇನೆ. ನನ್ನ ಹೆಂಡತಿ ಜಯಮ್ಮ ನೆಂಟರ ಮುಂದೆ ಹೇಳುತ್ತಾಳೆ, "ಇವ್ರುನ್ನ ಬುಟ್ರೆ ರಾಗಿಮುದ್ದೆಗೂ ಪಾಲಿಶ್ ಹಾಕ್ಬುಡ್ತಾರೆ." ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ.

ರಮ್ಯಾ ಶೂಳಗಿರಿ ಕಡೆಯವಳು. ಗಡಿಯಾರದ ಕಾರ್ಖಾನೆಯಲ್ಲಿ ಮುಳ್ಳು ಕೂರಿಸುವ ಕೆಲಸ, ಹಾಗಾಗಿ ಕೈ ಸೂಕ್ಷ್ಮ, ತಾಳ್ಮೆ ಅದಕ್ಕಿಂತ ಹೆಚ್ಚು. ಅವಳ ತಂದೆ, ನಮ್ಮ ಬೀಗರು ಮುನಿರಾಜಪ್ಪ, ಸೈನ್ಯದಲ್ಲಿ ಟ್ಯಾಂಕ್ ಓಡಿಸಿದವರು. ವಯಸ್ಸಿನ ಬಹುಭಾಗ ರಾಜಸ್ಥಾನದ ಮರಳಿನಲ್ಲಿ ಕಳೆದು, ಈಗ ಊರಿನಲ್ಲಿ ಟೊಮೇಟೊ ಬೆಳೆದುಕೊಂಡಿದ್ದಾರೆ. ಅವರು ಅದನ್ನು ಟ್ಯಾಂಕ್ ಎನ್ನುವುದಿಲ್ಲ, 'ನನ್ ಗಾಡಿ' ಎನ್ನುತ್ತಾರೆ. ಆ ಗಾಡಿಯದೊಂದು ಫೋಟೋ ಸಹ ಅವರ ಬಳಿ ಇಲ್ಲ. ಅವರು ಇದ್ದ ಜಾಗದಲ್ಲಿ ಕ್ಯಾಮೆರಾ ತೆಗೆಯುವ ಹಾಗೇ ಇರಲಿಲ್ಲವಂತೆ. ಅಪ್ಪನ ಅರವತ್ತರ ಶಾಂತಿಗೆ ಆ ಗಾಡಿಯನ್ನೇ ಮಾಡಿ ಕೊಡಬೇಕೆಂದು ರಮ್ಯಾ ಹಟ ಹಿಡಿದಳು. ಬಿಡಿಭಾಗಗಳ ಡಬ್ಬ ತರಿಸಿ, ಮಹಡಿಯ ಕೋಣೆಯ ಕಿಟಕಿಯ ಬಳಿ ಒಂದು ಮೇಜು ಹಾಕಿಕೊಂಡಳು.

ಮೊದಮೊದಲು ನಾನೇ ಗುರು. ಮೇಲಿನ ಬಣ್ಣ ಹಿಡಿದು ನಿಲ್ಲಲು ಅಡಿಗೆ ಪ್ರೈಮರ್ ಹೇಗೆ ಹೊಡೆಯಬೇಕು, ಒಂದು ದಪ್ಪ ಕೋಟಿಗಿಂತ ಎರಡು ತೆಳು ಕೋಟು ಯಾಕೆ ಮೇಲು, ಒಣಗುವ ಮುಂಚೆ ಬೆರಳು ಯಾಕೆ ಇಡಬಾರದು — ಎಲ್ಲ ಹೇಳಿಕೊಟ್ಟೆ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದಳು. ಮರಳಿನ ಬಣ್ಣ ಹೊಡೆದು ಮುಗಿಸಿದ ದಿನ ನಾನು ಕನ್ನಡಕ ಹಾಕಿಕೊಂಡು ಸುತ್ತ ತಿರುಗಿಸಿ ನೋಡಿದೆ. ಒಂದು ಕಡೆಯೂ ಬಣ್ಣ ಸೋರಿಲ್ಲ, ಕುಂಚದ ಒಂದು ಕೂದಲೂ ಸಿಕ್ಕಿಲ್ಲ. ನನ್ನ ಲಾರಿಯೇ ಲೈನಿನಿಂದ ಇಳಿದು ಬಂದಷ್ಟು ಖುಷಿಯಾಯಿತು.

ಮಾರನೆಯ ದಿನದಿಂದ ಅವಳು ಅದನ್ನು ಕೊಳೆ ಮಾಡಲು ಶುರು ಮಾಡಿದಳು. ಬಣ್ಣದ ಸೀಮೆಸುಣ್ಣಗಳನ್ನು ಅರೆದು, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಆ ಪುಡಿಯನ್ನು ಕುಂಚದ ತುದಿಯಲ್ಲಿ ಎತ್ತಿ ಸಂದಿಸಂದಿಗೆ ಕೂರಿಸುವುದು. ಸ್ಪಂಜಿನ ಚೂರಿನಿಂದ ಅಂಚುಗಳಲ್ಲಿ ಬಣ್ಣ ಎದ್ದಂತೆ ಕಾಣುವ ಹಾಗೆ ಮಾಡುವುದು. ಫೋನನ್ನು ಸ್ಪೀಕರಿಗೆ ಹಾಕಿ ಅಪ್ಪನನ್ನು ಕೇಳುವುದು, ಧೂಳು ಎಲ್ಲೆಲ್ಲಿ ಕೂರುತ್ತಿತ್ತು ಎಂದು. ಆ ಕಡೆಯಿಂದ ಬೀಗರು ಉತ್ಸಾಹದಿಂದ ಹೇಳುತ್ತಿದ್ದರು: "ಮುಂದ್ಗಡೆ ಕಮ್ಮಿ ಕಣಮ್ಮಾ, ಹಿಂದ್ಗಡೆ ಜಾಸ್ತಿ. ನಾನು ಹತ್ತಿ ಇಳ್ಯೋ ಕಡೆ ಬಣ್ಣ ಸವ್ದೋಗಿ ಕಬ್ಣ ಮಿರಮಿರ ಅಂತಿತ್ತು. ಅದ್ನ ಮರೀಬ್ಯಾಡ."

ನಾನು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದೆ. ಒಂದು ದಿನ ತಡೆಯಲಾಗದೆ ಕೇಳಿಯೇಬಿಟ್ಟೆ, "ಹೊಸಾ ಗಾಡಿಗೆ ಯಾಕಮ್ಮಾ ಮಣ್ಣು ಬಳೀತೀಯ?"

"ಇದು ಹೊಸಾ ಗಾಡಿ ಅಲ್ಲ ಮಾವ," ಎಂದಳು ತಲೆ ಎತ್ತದೆ. "ನಮ್ಮಪ್ಪ ಓಡ್ಸಿದ್ ಗಾಡಿ."

ಆ ಮಾತು ನನಗೆ ಅರ್ಥವಾಗಿತ್ತು. ಅರ್ಥವಾಗಿರಲಿಲ್ಲ ಎಂದು ಬರೆದರೆ ಇದನ್ನೆಲ್ಲ ಬರೆಯುವುದೇ ದಂಡ.

ಆಮೇಲೆ ಆಯುಧಪೂಜೆ ಬಂತು. ನಮ್ಮ ಊರಿನಲ್ಲಿ ಆಯುಧಪೂಜೆ ಎಂದರೆ ಕಾರ್ಖಾನೆಯವರ ದೀಪಾವಳಿ. ಯಂತ್ರಗಳನ್ನೆಲ್ಲ ಒರೆಸಿ ಕುಂಕುಮ ಇಟ್ಟು ಬಾಳೆಕಂದು ಕಟ್ಟುವುದು, ಮನೆಮಂದಿಯನ್ನೆಲ್ಲ ಒಳಗೆ ಕರೆದು ತೋರಿಸುವುದು. ನಾನು ಪೇಂಟ್ ಶಾಪಿನಲ್ಲಿದ್ದಾಗ ಸ್ಪ್ರೇ ಗನ್ನುಗಳನ್ನು ಬಿಚ್ಚಿ, ತೊಳೆದು, ಹೂವಿಟ್ಟ ಮೇಲೆಯೇ ಊಟ. ರಮ್ಯಾ ಅಂದು ಬೆಳಿಗ್ಗೆ ಟ್ಯಾಂಕಿನ ಮೇಲೆ, ಪುಡಿ ಉದುರದಿರಲೆಂದು, ಹೊಳಪಿಲ್ಲದ ಕ್ಲಿಯರ್ ವಾರ್ನಿಷನ್ನು ಹಗುರವಾಗಿ ಒಮ್ಮೆ ಹೊಡೆದು, ಒಣಗಲು ಬಿಟ್ಟು, ನನ್ನ ಮಗನ ಜೊತೆ ತನ್ನ ಕಾರ್ಖಾನೆಯ ಪೂಜೆಗೆ ಹೋದಳು. ಮನೆಯಲ್ಲಿ ನಾನು ಒಂದೊಂದೇ ತೊಳೆಯುತ್ತ ಬಂದೆ — ಸ್ಕೂಟರು, ಮಿಕ್ಸಿ ಜಾರು, ಈಳಿಗೆಮಣೆ, ಸ್ಪ್ಯಾನರುಗಳು. ಆಗ ನೆನಪಾಯಿತು. ಆಯುಧ ಎಂದರೆ ಟ್ಯಾಂಕಿಗಿಂತ ಆಯುಧ ಬೇಕೆ! ತಂದು ದೇವರ ಮುಂದೆ ಇಡೋಣ, ಸೊಸೆಗೆ ಸಂತೋಷವಾಗುತ್ತದೆ ಎಂದುಕೊಂಡೆ. ಆದರೆ ಕೊಳೆಯಾದದ್ದನ್ನು ದೇವರ ಮುಂದೆ ಇಡುವುದು ಹೇಗೆ?

ಇಷ್ಟರವರೆಗೆ ಅದು ಪೆದ್ದತನ. ನೀರಿಗೆ ಅದ್ದಿ ಬ್ರಷ್ಷಿನಿಂದ ಒಂದು ಸಲ ಎಳೆದಾಗ ಕಂದು ನೀರು ಇಳಿಯಿತು, ಅಡಿಯಿಂದ ಮರಳಿನ ಬಣ್ಣ ಶುಭ್ರವಾಗಿ ಎದ್ದು ಬಂತು. ಆಗ ನಿಲ್ಲಿಸಬಹುದಿತ್ತು. ಒಂದು ಮೂಲೆ ಮಾತ್ರ ಹೋಗಿತ್ತು, ಒಂದು ಸಂಜೆಯಲ್ಲಿ ಅವಳು ಸರಿಮಾಡಿಕೊಳ್ಳುತ್ತಿದ್ದಳು. ನಾನು ನಿಲ್ಲಿಸಲಿಲ್ಲ. ಅರ್ಧ ತೊಳೆದದ್ದು ಇನ್ನೂ ಅಸಹ್ಯ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ — ನನ್ನ ಕೈಗೆ ಹಿತವಾಗುತ್ತಿತ್ತು. ನಾನು ಕಲಿಸಿದ ಬಣ್ಣ, ನಾನು ಒಪ್ಪಿದ ಬಣ್ಣ, ಮತ್ತೆ ಕಾಣಿಸುತ್ತಿತ್ತು. ಅಪ್ಪನ ಮಾತು ಕೇಳಿ ನಾನು ಕಲಿಸಿದ್ದರ ಮೇಲೆ ಮಣ್ಣು ಬಳಿದಳಲ್ಲ ಎಂಬ ಹೊಟ್ಟೆಕಿಚ್ಚು ಒಳಗೆಲ್ಲೋ ಇತ್ತೇನೋ... ಇತ್ತು. ಏನೋ ಅಲ್ಲ, ಇತ್ತು.

ಪೂರ್ತಿ ತೊಳೆದ ಮೇಲೆ ಭಯವಾಯಿತು. ದೇವರ ಮುಂದೆ ಇಡಲಿಲ್ಲ. ಬಟ್ಟೆಯಲ್ಲಿ ಒತ್ತಿ, ಬಿಸಿಲಿಗೆ ಹಿಡಿದು ಒಣಗಿಸಿ, ಅದೇ ಮೇಜಿನ ಅದೇ ಪೇಪರಿನ ಮೇಲೆ, ಮೊದಲಿದ್ದ ಹಾಗೇ ಕಿಟಕಿಗೆ ಮುಖ ಮಾಡಿ ಇಟ್ಟೆ. ಬ್ರಷ್ಷನ್ನು ಹೊರಗಿನ ಕಸದ ಡಬ್ಬಿಗೆ ಹಾಕಿದೆ. ತಪ್ಪು ಮಾಡಿದವನು ಇಷ್ಟು ಅಚ್ಚುಕಟ್ಟಾಗಿ ಯಾಕೆ ಇಡುತ್ತಾನೆ? ಜಯಮ್ಮ ಒಳಗೆ ಒಬ್ಬಟ್ಟು ತಟ್ಟುತ್ತಿದ್ದಳು, ಅವಳಿಗೂ ಹೇಳಲಿಲ್ಲ.

ಸಂಜೆ ರಮ್ಯಾ ಪೂಜೆಯ ಕುಂಕುಮ ಹಣೆಯಲ್ಲಿರುವಂತೆಯೇ ಮಹಡಿ ಹತ್ತಿದಳು. ಇಳಿದು ಬಂದಾಗ ಟ್ಯಾಂಕು ಅವಳ ಅಂಗೈಯಲ್ಲಿತ್ತು. ಯಾರಾದರೂ ಮುಟ್ಟಿದಿರಾ ಎಂದು ಕೇಳಲಿಲ್ಲ. ಈ ಮನೆಯಲ್ಲಿ ಯಾರೂ ಹಾಗೆ ಮಾಡುವುದಿಲ್ಲ ಎಂದು ಅವಳ ನಂಬಿಕೆ. "ಕ್ಲಿಯರ್ ಹೊಡ್ದಿದ್ದಕ್ಕೆ ಪುಡಿಯೆಲ್ಲಾ ಮಾಯ ಆಗೋಯ್ತು ಮಾವ. ಹಿಂಗಾಗ್ತದಾ?" ಎಂದು ಕೇಳಿದಳು.

ನಿಜ ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ನನ್ನ ಬಾಯಲ್ಲಿ ಮಾತಾಡಿದವನು ಇನ್‌ಸ್ಪೆಕ್ಟರು. "ಅಡಿ ಸರಿ ಇಲ್ದಿದ್ರೆ ಮೇಲಿಂದು ನಿಲ್ಲಲ್ಲ ಕಣಮ್ಮಾ. ನಿನ್ ಪ್ರೈಮರೇ ಹಿಡ್ದಿಲ್ಲ. ಇದಕ್ಕೆಲ್ಲಾ ಕೈ ಕೂರ್ಬೇಕು, ನಿಂಗೆ ಕೂತಿಲ್ಲ."

ಅಷ್ಟು ಉಜ್ಜಿದರೂ ಅಡಿಬಣ್ಣ ಒಂದು ಚೂರೂ ಎದ್ದಿರಲಿಲ್ಲ. ಅದನ್ನು ಕಣ್ಣಾರೆ ನೋಡಿಯೂ ಹಾಗೆ ಅಂದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಅವಳು ವಾದಿಸಲಿಲ್ಲ, "ಹೌದೇನೋ" ಎಂದಳು ಅಷ್ಟೇ. ಶಾಂತಿಗೆ ಅಪ್ಪನಿಗೆ ರೇಷ್ಮೆ ಪಂಚೆ, ಶಲ್ಯ ಕೊಂಡೊಯ್ದಳು. ಟ್ಯಾಂಕು ರಟ್ಟಿನ ಡಬ್ಬ ಸೇರಿ ಅಟ್ಟ ಹತ್ತಿತು. ಮೇಜಿನ ಮೇಲೆ ಇಸ್ತ್ರಿಗೆ ಬಟ್ಟೆ ಪೇರಿಸತೊಡಗಿದಳು. ಹೋಳಿಗೆಗೆ ಹೂರಣ ಹದವಾಗಿದೆಯಾ ನೋಡು ಎಂದು ಅತ್ತೆ ಕರೆದರೂ, "ನಂಗೆ ಕೈ ಕೂರಲ್ಲ ಅತ್ತೆ" ಎಂದು ನಗುತ್ತಿದ್ದಳು. ಮನೆಯಲ್ಲಿ ಅದೊಂದು ತಮಾಷೆಯ ಮಾತಾಯಿತು. ಪ್ರತಿ ಸಲ ಎಲ್ಲರೂ ನಗುವಾಗ ನಾನು ಪೇಪರಿನಲ್ಲಿ ಮುಖ ಹುದುಗಿಸುತ್ತಿದ್ದೆ. ಹೀಗೇ ವರ್ಷಗಳು ಕಳೆದವು.

ಹತ್ತು ದಿನದ ಹಿಂದೆ ಪಿಂಚಣಿಯ ಕೆಲಸಕ್ಕೆ ಹೊಸೂರಿಗೆ ಬಂದ ಬೀಗರು ಮನೆಗೆ ಬಂದಿದ್ದರು. ಕಾಫಿ ಕುಡಿಯುತ್ತ, ಇದ್ದಕ್ಕಿದ್ದಂತೆ, ಸಂಕೋಚದಿಂದ ಕೇಳಿದರು, "ರಮ್ಯಾ, ಅವತ್ತು ನನ್ ಗಾಡಿ ಮಾಡ್ತಾ ಇದ್ಯಲ್ಲಮ್ಮಾ, ಅದೇನಾಯ್ತು?"

ಇಷ್ಟು ವರ್ಷ ಆ ಮನುಷ್ಯ ಕಾದಿದ್ದರು. ಒಂದು ಸಲವೂ ಕೇಳಿರಲಿಲ್ಲ.

"ನಂಗ್ ಬರ್ಲಿಲ್ಲಪ್ಪಾ," ಎಂದಳು ರಮ್ಯಾ. "ಮಾವನೇ ನೋಡಿ ಹೇಳಿದ್ರು, ಕೈ ಕೂತಿಲ್ಲ ಅಂತ."

ಅವರು ನನ್ನ ಕಡೆ ನೋಡಿ ಗೌರವದಿಂದ ತಲೆಯಾಡಿಸಿದರು. "ಬಿಡಮ್ಮಾ, ಬೀಗ್ರು ಹೇಳಿದ್ ಮೇಲೆ ಸರಿಯಾಗೇ ಇರ್ತದೆ." ಆ ಗೌರವ ನನಗೆ ನುಂಗಲಾಗಲಿಲ್ಲ. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅವರನ್ನು ಬಸ್ ಸ್ಟಾಂಡಿಗೆ ಬಿಟ್ಟು ಬಂದೆ, ದಾರಿಯುದ್ದಕ್ಕೂ ಟೊಮೇಟೊ ದರದ ಮಾತಾಡಿದೆ.

ಮಾರನೆಯ ಬೆಳಿಗ್ಗೆ ಅಟ್ಟದಿಂದ ಡಬ್ಬ ಇಳಿಸಿ, ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ರಮ್ಯಾಳಿಗೆ ಎಲ್ಲ ಹೇಳಿದೆ. ಕಂದು ನೀರು, ಬ್ರಷ್ಷು, ಕಸದ ಡಬ್ಬಿ, ನನ್ನ ಹೊಟ್ಟೆಕಿಚ್ಚು — ಯಾವುದನ್ನೂ ಬಿಡಲಿಲ್ಲ. ಅವಳು ಸ್ಟವ್ ಆರಿಸಿದಳು. ಬಹಳ ಹೊತ್ತು ಟ್ಯಾಂಕನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ತೊಳೀವಾಗ ಅಡಿಬಣ್ಣ ಎದ್ದಿತ್ತಾ ಮಾವ?"

"ಇಲ್ಲ ತಾಯಿ. ಒಂದ್ ಚೂರೂ ಎದ್ದಿರ್ಲಿಲ್ಲ."

"ಹಂಗಾದ್ರೆ ನನ್ ಪ್ರೈಮರ್ ಸರಿಯಾಗೇ ಇತ್ತು," ಎಂದಳು. ನನಗೆ ಹೇಳಿದ್ದಲ್ಲ ಅದು. ಅವಳ ಮುಖ ಅಷ್ಟು ಬೆಳಗಿದ್ದನ್ನು ಎಷ್ಟೋ ಕಾಲದಿಂದ ನಾನು ನೋಡಿರಲಿಲ್ಲ. ಆಮೇಲೆ ಕಣ್ಣು ತುಂಬಿಕೊಂಡಿತು, ದನಿ ಗಟ್ಟಿಯಾಯಿತು. "ತೊಳ್ದೆ ಅಂತ ಒಂದ್ ಮಾತು ಹೇಳಿದ್ರೆ ಆಗೋಗಿತ್ತಲ್ಲ ಮಾವ. ಇನ್ನೊಂದ್ಸಲ ಮಾಡ್ಬುಡ್ತಿದ್ದೆ. ಕೈ ಸರಿ ಇಲ್ಲ ಅಂತ ಯಾಕಂದ್ರಿ?"

ನಾನು ಖಾಲಿ ಡಬ್ಬವನ್ನು ಅವಳ ಕಡೆ ಸರಿಸಿದೆ.

ಬೀಗರಿಗೂ ಫೋನ್ ಮಾಡಿ ಹೇಳಿದೆ. ಅವರು ನಕ್ಕರು. "ದೊಡ್ಡ ಸಾಹೇಬ್ರು ಬರೋ ದಿನ ನಾವೂ ಗಾಡಿ ತೊಳೀತಿದ್ವಿ ಬೀಗ್ರೇ. ಮಾರ್ನೆ ದಿನ ಮತ್ತೆ ಧೂಳು. ತೊಳ್ದಿದ್ದಕ್ಕೆ ನಂಗೇನೂ ಇಲ್ಲ." ಆಮೇಲೆ ನಗು ನಿಂತಿತು. "ಮಗೀಗೆ ಹಂಗಂದಿದ್ದು ಮಾತ್ರ ಸರಿ ಇಲ್ಲ." ಸರಿ ಇಲ್ಲ ಎಂದು ನಾನೂ ಹೇಳಿದೆ.

ಒಂದು ವಾರ ರಮ್ಯಾ ನನ್ನ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡಿದಳು. ಊಟ ಬಡಿಸಿದಳು, ಮುಖ ನೋಡಲಿಲ್ಲ. ಹಾಗೇ ಇರಲಿ, ಅದು ನನಗೆ ಬರಬೇಕಾದದ್ದು. ಇವತ್ತು ರಜೆ. ತಿಂಡಿಯಾದ ಮೇಲೆ ಅವಳು ಮೇಜಿನ ಮೇಲಿನ ಬಟ್ಟೆಗಳನ್ನೆಲ್ಲ ತೆಗೆದು ಮಂಚಕ್ಕೆ ಹಾಕಿದ ಸದ್ದು ಕೇಳಿಸಿತು. ಮೆಟ್ಟಿಲ ಮೇಲೆ ನಿಂತು, "ಮುಗಿಯೋ ತನ್ಕ ನೀವು ಈ ರೂಮಿಗೆ ಬರ್ಬೇಡಿ ಮಾವ," ಎಂದಳು. ಬರಲ್ಲ ಎಂದೆ. ಕ್ಷಮಿಸಿದೆ ಎಂದು ಅವಳು ಹೇಳಿಲ್ಲ, ನಾನು ಕೇಳುವುದೂ ಇಲ್ಲ.

ಈಗ ಕೆಳಗೆ ನಡುಮನೆಯಲ್ಲಿ ಕೂತಿದ್ದೇನೆ. ನಡುವೆ ಒಮ್ಮೆ ಅವಳು ನೀರಿಗೆಂದು ಕೆಳಗೆ ಬಂದು ಹೋದಳು. ಅರೆದ ಸೀಮೆಸುಣ್ಣದ ಪುಡಿ ಕಾಲಿಗಂಟಿ, ನಾನು ಬೆಳಿಗ್ಗೆಯಷ್ಟೇ ಒರೆಸಿದ ನೆಲದ ಮೇಲೆ, ಮೆಟ್ಟಿಲಿಂದ ಅಡುಗೆಮನೆಯವರೆಗೆ ಮರಳಿನ ಬಣ್ಣದ ಹೆಜ್ಜೆಗಳು ಮೂಡಿವೆ. ಜಯಮ್ಮ ನನ್ನ ಮುಖ ನೋಡಿ ಪೊರಕೆ ತಂದಳು.

"ಇರ್ಲಿ ಬುಡು," ಎಂದೆ.