ತಿಳಿನೀರನ್ನು ನಂಬದ ಅಕ್ಕ

ಬೆಳಗಿನ ಐದೂವರೆ. ತೊಟ್ಟಿಯಿಂದ ಒಂದು ಲೋಟ ನೀರು ತೆಗೆದು ಅಕ್ಕ ಬೆಳಕಿಗೆ ಹಿಡಿಯುತ್ತಾರೆ. ಎಷ್ಟು ತಿಳಿಯೆಂದರೆ, ಬಾಯಾರಿದ್ದರೆ, ಅವರ ಕೆಲಸ ನೋಡಿ ಬರೆಯಲು ಬಂದ ನಾನು ಗಟಗಟ ಕುಡಿದುಬಿಡುತ್ತಿದ್ದೆ. ಅವರು ಮಾತ್ರ ಅದನ್ನು ಪರೀಕ್ಷೆಯ ಸೀಸೆಗೆ ಸುರಿದು, ಪುಡಿ ಹಾಕಿ, ಮುಚ್ಚಳದಡಿ ರಾಸಾಯನಿಕ ಸವರಿದ ಬಿಳಿ ಕಾಗದದ ಚೂರೊಂದನ್ನು ಸಿಕ್ಕಿಸಿ ಗಡಿಯಾರ ನೋಡುತ್ತಾರೆ. ಇಪ್ಪತ್ತು ನಿಮಿಷ. ಕಾಗದ ಬಿಳಿಯಾಗಿಯೇ ಉಳಿದರೆ ನೀರು ಹೊರಗೆ, ಬಣ್ಣ ತಿರುಗಿದರೆ ಎಲ್ಲ ಮತ್ತೆ ಮೊದಲಿನಿಂದ.

ಇದು ಹಳೆಯ ಮರ ಉರಿಸಿ ವಿದ್ಯುತ್ ತಯಾರಿಸುವ ಸ್ಥಾವರ. ಕೆಡವಿದ ಮನೆಗಳ ಬಾಗಿಲು, ಮುರಿದ ಕಂಬ, ಎಲ್ಲವೂ ಇಲ್ಲಿಗೆ ಬರುತ್ತವೆ. ಕೆಲವಕ್ಕೆ ಗೆದ್ದಲು ಹಿಡಿಯದಿರಲೆಂದು ಎಂದೋ ಆರ್ಸೆನಿಕ್ ಬೆರೆತ ಔಷಧ ಕುಡಿಸಿರುತ್ತಾರೆ. ಉರಿದಾಗ ಆ ಪಾಷಾಣ ಹೊಗೆಗೆ ಸೇರಿ, ಹೊಗೆ ತೊಳೆದ ನೀರಿಗೆ ಇಳಿಯುತ್ತದೆ. ದಿನಕ್ಕೆ ನಲವತ್ತು ಸಾವಿರ ಲೀಟರ್. ಅದಕ್ಕೆ ಕಬ್ಬಿಣದ ಲವಣ, ಸುಣ್ಣ ಬೆರೆಸಿ, ವಿಷವನ್ನು ತುಕ್ಕು ಬಣ್ಣದ ಗಸಿಯಾಗಿ ತಳಕ್ಕಿಳಿಸುವುದು ಅಕ್ಕನ ಕೆಲಸ. ಬಣ್ಣವಿಲ್ಲ, ವಾಸನೆಯಿಲ್ಲ, ಅಂಥದ್ದನ್ನು ಹನ್ನೆರಡು ವರ್ಷದಿಂದ ದಿನವೂ ಹಿಡಿದು ಕೆಡವುತ್ತಿದ್ದಾರೆ.

ಫೋನ್ ಬಡಿದುಕೊಳ್ಳುತ್ತದೆ. ಮ್ಯಾನೇಜರ್. ತೊಟ್ಟಿ ತುಂಬುತ್ತಿದೆ, ಬಾಯ್ಲರ್ ನಿಲ್ಲಿಸಬೇಕಾದೀತು, ನೀರು ತಿಳಿಯಾಗಿದೆಯಲ್ಲ, ಬಿಡಬಾರದೇ?

"ತಡೀರಿ ಸರ್, ಇನ್ನೂ ಎಂಟು ನಿಮಿಷ ಇದೆ."

ಸ್ಥಾವರದಲ್ಲಿ ಎಲ್ಲರೂ ಅವರನ್ನು ಕರೆಯುವುದೇ 'ತಡೀರಿ ಅಕ್ಕ' ಎಂದು.

ಎಂಟು ನಿಮಿಷವಾಯಿತು. ಕಾಗದ ತೆಳು ಹಳದಿ. ಅಕ್ಕ ನೀರು ಹೊರಬಿಡುವ ಕವಾಟ ಮುಟ್ಟುವುದಿಲ್ಲ. ಫೋನಿನಲ್ಲಿ ಮ್ಯಾನೇಜರ್ ಹಾರಾಡುತ್ತಾರೆ, ಕೊನೆಗೆ ಬಾಯ್ಲರ್ ನಿಲ್ಲುತ್ತದೆ.

"ಬೈಸ್ಕೊಳ್ಳೋದು ಸುಲಭ ಬಿಡಿ," ಲವಣದ ಡ್ರಮ್ ಉರುಳಿಸುತ್ತಾ ಅಕ್ಕ ಹೇಳುತ್ತಾರೆ. "ಮನೆಮನೆ ಬಾಗಿಲು ತಟ್ಟೋದಿದ್ಯಲ್ಲ, ಅದು ಕಷ್ಟ."

ಕೆಲಸಕ್ಕೆ ಸೇರಿದ ಮೊದಲ ವರ್ಷ ಅವರೂ ಕಣ್ಣನ್ನು ನಂಬಿದ್ದರು. "ನೀರು ಕನ್ನಡಿ ಥರ ಇತ್ತು. ಕಾಗದಕ್ಕೆ ಕಾಯದೇನೇ ಬಿಟ್ಬಿಟ್ಟೆ. ಆಮೇಲೆ ನೋಡ್ತೀನಿ, ಕಾಗದ ಪೂರ್ತಿ ಕಂದು! ಜೀವವೇ ಬಾಯಿಗೆ ಬಂತು."

ನೀರು ಹೋಗುವುದು ಗೋಡೆಯಾಚೆಯ ಕೆರೆಗೆ. ದಡದಲ್ಲಿ ಮೂವತ್ತೆರಡು ಮನೆ, ಅವರ ಅಣ್ಣನದೂ ಅಲ್ಲೇ. ಅಕ್ಕ ಕವಾಟ ಮುಚ್ಚಿ ಓಡಿದರು. "ಅತ್ತಿಗೆ ಆಗಷ್ಟೇ ಬಿಂದಿಗೆ ತುಂಬಿಸಿಟ್ಟಿದ್ರು. ಮಾತಾಡೋಕೂ ಉಸಿರಿರ್ಲಿಲ್ಲ, ಒದ್ದು ಉರುಳಿಸ್ಬಿಟ್ಟೆ. ಇವಳಿಗೆ ತಲೆ ಕೆಟ್ಟಿದೆ ಅಂತ ಕೂಗಾಡಿದ್ರು." ಉಳಿದ ಮನೆಗಳಿಗೆಲ್ಲ ಹೋಗಿ, ತಪ್ಪು ತನ್ನದೇ ಎಂದು ಹೇಳಿದರು. ಕೆರೆಯ ನೀರು ಸರಿಯಾಗುವವರೆಗೆ ಲಾರಿಯಲ್ಲಿ ನೀರು ಬಂತು. ಯಾರಿಗೂ ಏನೂ ಆಗಲಿಲ್ಲ.

ಎಂಟೂವರೆಗೆ ಎರಡನೆಯ ಕಾಗದ ಬಿಳಿಯಾಗಿ ಬರುತ್ತದೆ. ಅಕ್ಕ ಎರಡೂ ಕೈ ಹಾಕಿ ಕವಾಟ ತಿರುಗಿಸುತ್ತಾರೆ. ಗೋಡೆಯಾಚೆ ನೀರು ಬೀಳುವ ಸದ್ದು ಕೇಳುತ್ತಾ ಕೈಕಟ್ಟಿ ನಿಂತಿದ್ದೇನೆ.

ನಿಮ್ಮ ಆಸೆಯೇನು ಎಂದು ಆಮೇಲೆ ಕೇಳುತ್ತೇನೆ. ಅವರು ಕನ್ನಡಕದ ಡಬ್ಬಿ ತೆರೆದು, ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟ, ಬಣ್ಣ ಮಾಸಿದ ಕಂದು ಕಾಗದದ ಚೂರನ್ನು ತೋರಿಸುತ್ತಾರೆ.

"ನೀರು ಬಿಟ್ಟಾದ ಮೇಲೆ ಬಣ್ಣ ತಿರುಗಿದ್ದು ಇದೊಂದೇ. ನಾನು ರಿಟೈರ್ ಆಗೋವರೆಗೂ ಇದು ಈ ಡಬ್ಬೀಲಿ ಒಂಟಿಯಾಗೇ ಇರ್ಲಿ."